ಬೀಗರು ಮನೆ ನೋಡಲು ಬಂದ ಬೇಸಿಗೆ

ಆಗೆಲ್ಲ ನಮ್ಮೂರಿಗೆ ಬೇಸಿಗೆ ಮೊದಲು ಮೂಗಿಗೆ ಬರುತ್ತಿತ್ತು. ಪರೀಕ್ಷೆ ಮುಗಿಸಿ, ಇಂಕು ಮೆತ್ತಿದ ಬೆರಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ಶಾಲೆಯಿಂದ ಓಡಿಬರುವ ಹೊತ್ತಿಗೆ ಬೀದಿಯ ಕಟ್ಟೆಕಟ್ಟೆಯ ಮೇಲೂ ಹುಣಸೆಹಣ್ಣಿನ ರಾಶಿ ಬಿದ್ದಿರುತ್ತಿತ್ತು. ಚೀಲ ಬಿಸಾಡಿ ಅಲ್ಲೇ ಕೂರುತ್ತಿದ್ದೆವು. ದೊಡ್ಡವರು ಕಲ್ಲಿನ ಮೇಲೆ ಹಣ್ಣಿಟ್ಟು ಬಡಿದು ಸಿಪ್ಪೆ ಉದುರಿಸುವುದು, ಮಕ್ಕಳು ನಾರು ಎಳೆದು ಬೀಜ ತೆಗೆಯುವುದು. ತೆಗೆದ ಬೀಜದಲ್ಲಿ ಅರ್ಧ ಹುರಿದು ತಿನ್ನುವುದಕ್ಕೆ. ಇನ್ನರ್ಧವನ್ನು ಬಂಡೆಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿ ಚೌಕಾಬಾರ ಆಡುವುದಕ್ಕೆ. ಬಿಸಿಲೇರಿದ ಮೇಲೆ ಉಪ್ಪುಖಾರ ಸವರಿದ ಮಾವಿನಕಾಯಿ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಸಂಜೆಗೆ ಕೈಯೆಲ್ಲ ಅಂಟು, ತುಟಿಯೆಲ್ಲ ಉರಿ.

ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿಗೆ ನಡೆದೇ ಹೋಗಿಬರುವಷ್ಟು ಹತ್ತಿರದ ಊರು ನಮ್ಮದು. ಆ ಕಡೆಯವರಿಗೆ ಇದನ್ನೆಲ್ಲ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಂಥ ಬೇಸಿಗೆಗಳಲ್ಲಿ ಒಂದನ್ನು ಮಾತ್ರ ಹೇಳಬೇಕು. ಅದನ್ನು ನೆನೆದರೆ ಬಾಯಲ್ಲಿ ನೀರೂರುವುದಿಲ್ಲ, ಓಕರಿಕೆ ಬರುತ್ತದೆ.

ನಮ್ಮದು ಕೂಡು ಕುಟುಂಬ. ದೊಡ್ಡಪ್ಪ ಶೇಂಗಾ ವ್ಯಾಪಾರ ಮಾಡುತ್ತಿದ್ದರು. ಅಪ್ಪ ಹೊಳಲ್ಕೆರೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅಜ್ಜಿ ಇರುವತನಕ ಮನೆಯ ಖರ್ಚು ಅವಳ ಮಾತಿನಂತೆ ನಡೆಯಿತು. ಶೇಂಗಾ ಮಾರಿದ ದುಡ್ಡು ಮನೆಗೆ ಬಂದಾಗ ಅವಳು ಮೊದಲು ತರಿಸುತ್ತಿದ್ದದ್ದು ಬಾವಿಗೆ ಹೊಸ ಹಗ್ಗ. ಆಮೇಲೆ ಉಪ್ಪು, ಬೇಳೆ, ಬಿತ್ತನೆಗೆ ಕಾಳು. ಬಟ್ಟೆಬರೆ ಎಲ್ಲಕ್ಕಿಂತ ಕೊನೆಗೆ. ಒಂದು ವರ್ಷ ದೊಡ್ಡಪ್ಪ, ಹಳೆ ಹಗ್ಗ ಇನ್ನೂ ಗಟ್ಟಿಯಾಗಿದೆಯಲ್ಲ ಎಂದು ರಾಗ ತೆಗೆದಿದ್ದರು.

"ಗಟ್ಟಿ ಇದ್ದಾಗ್ಲೇ ಬದಲಾಯಿಸ್ಬೇಕು ಕಣಪ್ಪ," ಎಂದಿದ್ದಳು ಅಜ್ಜಿ. "ಹರಿದ ಮ್ಯಾಲೆ ತಂದ ಹಗ್ಗ ಬಾವಿಗೆ ಬಿದ್ದೋರ್ನ ಎತ್ತಾಕೆ ಬರ್ತೈತೆ, ಅಷ್ಟೆ."

ಅಜ್ಜಿ ತೀರಿಕೊಂಡಳು. ಬೋರು ಕೊರೆಸಿದೆವು, ಬೀದಿಗೆ ನಲ್ಲಿ ಬಂತು, ಹಗ್ಗದ ಮಾತೇ ನಿಂತಿತು. ದೊಡ್ಡಪ್ಪನ ವ್ಯಾಪಾರವೂ ಕುದುರಿತು. ಮನೆಗೆ ಒಂದೊಂದೇ ಸಾಮಾನು ಬರತೊಡಗಿತು. ಟಿವಿ ಬಂತು. ಕೂತರೆ ಜಾರುವ ರೆಕ್ಸಿನ್ ಸೋಫಾ ಬಂತು. ಗಾಜಿನ ಬಾಗಿಲಿನ ಶೋಕೇಸು, ಅದರೊಳಗೆ ಯಾರೂ ಕುಡಿಯದ ಬಣ್ಣದ ಲೋಟಗಳು ಬಂದವು. ಬಂದದ್ದೆಲ್ಲ ನಡುಮನೆಗೆ. ಅಡುಗೆಮನೆಯ ಒಡೆದ ಹೆಂಚು ಮಾತ್ರ ಒಡೆದೇ ಇತ್ತು. ಹೊಗೆ ಹೋಗಲು ಕಿಂಡಿ ಇಡಿಸಿ ಎಂದು ನಮ್ಮವ್ವ ಎಷ್ಟು ಸಲ ಕೇಳಿದ್ದಳೋ! ಅವಳ ಕಣ್ಣು ಯಾವಾಗಲೂ ಅತ್ತವರ ಕಣ್ಣಿನಂತೆ ಕೆಂಪಗಿರುತ್ತಿತ್ತು. ದೊಡ್ಡಪ್ಪ ಜಿಪುಣರಾಗಿರಲಿಲ್ಲ. ಬಂದವರ ಕಣ್ಣಿಗೆ ಬೀಳುವುದಕ್ಕೆ ಅವರು ಕೈ ಬಿಚ್ಚಿ ಖರ್ಚು ಮಾಡುತ್ತಿದ್ದರು. ಅಡುಗೆಮನೆಗೆ ಯಾವ ನೆಂಟರೂ ಬರುತ್ತಿರಲಿಲ್ಲ, ಅಷ್ಟೆ.

ಆ ವರ್ಷ ದೊಡ್ಡಪ್ಪನ ಮಗ ಕುಮಾರಣ್ಣನಿಗೆ ಚಿತ್ರದುರ್ಗದಲ್ಲಿ ಹೆಣ್ಣು ನೋಡಿ ಬಂದಿದ್ದರು. ಹುಡುಗಿ ಒಪ್ಪಿಗೆಯಾದ ಮೇಲೆ ಅವರ ಕಡೆಯವರು ನಮ್ಮ ಮನೆ ನೋಡಲು ಬರಬೇಕು, ಅದು ಪದ್ಧತಿ. ಹಿಂದೆ ಮನೆ ನೋಡಲು ಬಂದ ಹಿರಿಯರು ಹೇಗೆ ನೋಡುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ನೀರು ಕೇಳುವ ನೆಪದಲ್ಲಿ ಹಿತ್ತಲಿಗೆ ಬಂದು ದನದ ಬೆನ್ನು ಸವರುವುದು, ಕಾಳಿನ ವಾಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ತುಂಬಿದೆಯೋ ಬರಿದೋ ಎಂದು ಕಿವಿಗೊಟ್ಟು ಕೇಳುವುದು, ಬೂದಿಗುಂಡಿ ನೋಡಿ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತದೆಂದು ಅಂದಾಜು ಮಾಡುವುದು. ಅದೂ ಪರೀಕ್ಷೆಯೇ. ಆದರೆ ಆ ಪರೀಕ್ಷೆಯಲ್ಲಿ ಪಾಸಾಗಬೇಕಾದರೆ ಮನೆಯಲ್ಲಿ ಕಾಳಿರಬೇಕಿತ್ತು. ಈಗಿನವರು ನಡುಮನೆ ದಾಟುವುದಿಲ್ಲವೆಂಬುದು ದೊಡ್ಡಪ್ಪನಿಗೆ ಗೊತ್ತಿತ್ತು. ಹುಡುಗಿಯ ಮನೆಯಲ್ಲಿ ಫ್ರಿಜ್ಜು ಇದ್ದದ್ದನ್ನು ಅವರು ನೋಡಿ ಬಂದಿದ್ದರು. ನಮ್ಮಲ್ಲಿ ಇಲ್ಲವೆಂದರೆ ಮಾತುಕತೆಯಲ್ಲಿ ನಾವು ಸೋತಂತೆ, ಕೇಳುವುದನ್ನು ಗಟ್ಟಿಯಾಗಿ ಕೇಳಲಾಗುವುದಿಲ್ಲ ಎಂಬುದು ಅವರ ಲೆಕ್ಕ.

ಹೀಗೆ ಒಂದು ಮಧ್ಯಾಹ್ನ ಚಿತ್ರದುರ್ಗದಿಂದ ಟೆಂಪೋದಲ್ಲಿ ಫ್ರಿಜ್ಜು ಬಂತು. ಕುಂಕುಮದ ಬಣ್ಣದ್ದು. ಇಳಿಸಲು ನಾಲ್ಕಾರು ಗಂಡಸರು, ನೋಡಲು ಇಡೀ ಬೀದಿ. ದೊಡ್ಡಮ್ಮ ಆರತಿ ಎತ್ತಿ, ಕಾಯಿ ಒಡೆದು, ಅದರ ಹಣೆಗೆ ವಿಭೂತಿ ಎಳೆದಳು. ನಮಗೆ ಮಕ್ಕಳಿಗೆ ಸಿಕ್ಕಿದ್ದು ಥರ್ಮಾಕೋಲು; ಅದನ್ನು ಪುಡಿಮಾಡಿ ಹಿಮವೆಂದು ತಲೆಗೆ ಸುರಿದುಕೊಂಡೆವು. ಟಿವಿಗೂ ಶೋಕೇಸಿಗೂ ನಡುವೆ, ಬೀದಿಬಾಗಿಲ ನೇರಕ್ಕೆ ಕಾಣುವಂತೆ ಅದನ್ನು ನಿಲ್ಲಿಸಿದರು. ಮೇಲೆ ಹೊದಿಸಲು ಕಸೂತಿಯ ಬಟ್ಟೆ, ಅದರ ಮೇಲಿಡಲು ಪ್ಲಾಸ್ಟಿಕ್ ಗುಲಾಬಿ, ಕೆಳಗೆ ಮರದ ಮಣೆ, ಪಕ್ಕದಲ್ಲಿ ಸ್ಟೆಬಿಲೈಸರು. ಬೀಗದ ಕೈ ದೊಡ್ಡಮ್ಮನ ಸೊಂಟಕ್ಕೆ. ಒಳಗೆ ನೀರಿನ ಬಾಟಲಿ, ಒಂದು ಬಟ್ಟಲು ಮೊಸರು, ಒಂದು ಮಾರು ಮಲ್ಲಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಇಡುವಂಥದ್ದು ನಮ್ಮ ಮನೆಯಲ್ಲಿ ಏನಿತ್ತು? ಮಾಡಿದ್ದು ಅಂದಂದಿಗೇ ಮುಗಿಯುತ್ತಿತ್ತು.

ಸುಳ್ಳು ಹೇಳಬಾರದು, ನಮಗೆ ಹುಚ್ಚು ಹಿಡಿದಿತ್ತು. ದೊಡ್ಡಮ್ಮ ಖುಷಿಯಲ್ಲಿದ್ದಾಗ ಒಬ್ಬೊಬ್ಬರ ಅಂಗೈಗೆ ಒಂದೊಂದು ಐಸಿನ ಗಡ್ಡೆ ಹಾಕುತ್ತಿದ್ದಳು. ಕೈ ಜುಮ್ಮೆನ್ನುತ್ತಿದ್ದರೂ ಬಿಡದೆ, ಯಾರದು ಕೊನೆಗೆ ಕರಗುತ್ತದೆಂದು ಪಂದ್ಯ ಕಟ್ಟುತ್ತಿದ್ದೆವು.

ನಮ್ಮನೆಯ ಹೊಲಮನೆ ಕೆಲಸಕ್ಕೆ ಬರುತ್ತಿದ್ದ ತಿಪ್ಪಕ್ಕ ಆ ಫ್ರಿಜ್ಜನ್ನು ನೋಡಿ ನಕ್ಕಿದ್ದಳು. ತಿಪ್ಪಕ್ಕ ಹಿಂದಿನ ಓಣಿಯವಳು. ಗಂಡ ಬಿಟ್ಟುಹೋಗಿದ್ದ, ಇಬ್ಬರು ಮಕ್ಕಳು. ಬಲಗೈಯ ಚುರುಕಿಗೆ ಸುತ್ತಲೆಲ್ಲ ಹೆಸರು. ಶೇಂಗಾ ಬಿಡಿಸುವುದಾಗಲಿ ಹುಣಸೆಬೀಜ ತೆಗೆಯುವುದಾಗಲಿ, ಬೇರೆಯವರು ಒಂದು ಮೊರ ಮುಗಿಸುವುದರೊಳಗೆ ಅವಳದು ಎರಡು ಆಗಿರುತ್ತಿತ್ತು. ಕೂಲಿ ಮೊರದ ಲೆಕ್ಕದಲ್ಲಿ. ಆ ಕೈಯೇ ಅವಳ ಹೊಲ, ಅವಳ ಬೋರು, ಎಲ್ಲ. ಬಾಯಿಯೂ ಕೈಯಷ್ಟೇ ಚುರುಕು. ಅಪ್ಪ ಮೇಷ್ಟ್ರೆಂದು ನನ್ನನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದಳು.

"ಅಮ್ಮಾರೆ, ಇಷ್ಟು ದೊಡ್ಡ ಪೆಟ್ಟಿಗೆ ಬರೀ ನೀರಿಡಾಕಾ?" ಎಂದು ದೊಡ್ಡಮ್ಮನನ್ನು ಕೆಣಕಿದ್ದಳು. "ನಮ್ಮನೆ ಗಡಿಗೆ ಒಂದು ಒದ್ದೆ ಬಟ್ಟೆ ಸುತ್ತಿದ್ರೆ ತಣ್ಣಗಿಡ್ತೈತೆ. ಅದಕ್ಕೆ ಬೀಗ ಬ್ಯಾರೆ ಬ್ಯಾಡ."

"ನಿನ್ ಗಡಿಗೆ ನೋಡಿ ಯಾರು ಹೆಣ್ಣು ಕೊಡ್ತಾರೆ, ಹೋಗೇ," ಎಂದಿದ್ದಳು ದೊಡ್ಡಮ್ಮ. ಇಬ್ಬರೂ ನಕ್ಕಿದ್ದರು.

ವಯರಿಂಗ್ ಮಾಡಿದವನು ರುದ್ರೇಶ, ಊರಿನ ಎಲ್ಲ ಮನೆಗೂ ಅವನೇ. ಫ್ರಿಜ್ಜಿಗೆ ಅರ್ಥಿಂಗ್ ಬೇಕು, ಅಂದರೆ ಕರೆಂಟು ಎಲ್ಲಾದರೂ ಸೋರಿದರೆ ನೆಲಕ್ಕೆ ಇಳಿದುಹೋಗಲು ದಾರಿ ಬೇಕು ಎಂದು ಅವನೇ ಹೇಳಿದ. ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಉಪ್ಪು ಇದ್ದಿಲು ತುಂಬಬೇಕು. ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು. ಸ್ಟೆಬಿಲೈಸರಿಗೆ, ಕಸೂತಿ ಬಟ್ಟೆಗೆ, ಪ್ಲಾಸ್ಟಿಕ್ ಗುಲಾಬಿಗೆ ಹಿಂದೆಮುಂದೆ ನೋಡದಿದ್ದ ಮನುಷ್ಯ ಇದಕ್ಕೆ ಹುಬ್ಬು ಗಂಟಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

"ಮಣ್ಣಾಗೆ ಹೂಳಾಕೆ ತಾಮ್ರ ತರ್ಬೇಕಾ? ಯಾರು ನೋಡ್ತಾರೋ ಅದನ್ನ?"

ರುದ್ರೇಶನೂ ಹಟ ಮಾಡುವವನಲ್ಲ. ಅವನಿಗೆ ಸುಲಭದ ದಾರಿ ಗೊತ್ತಿತ್ತು, ಅಕ್ಕಪಕ್ಕದ ಊರುಗಳಲ್ಲೆಲ್ಲ ಅವನು ಅದನ್ನೇ ಮಾಡಿಕೊಟ್ಟಿದ್ದ. "ನಲ್ಲಿ ಪೈಪು ನೆಲದಾಗೇ ಐತಲ್ಲ ಗೌಡ್ರೆ. ಅದಕ್ಕೇ ತಂತಿ ಕಟ್ಬಿಡ್ತೀನಿ, ತಗೀರಿ," ಎಂದ. ಕಟ್ಟಿಯೂಬಿಟ್ಟ. ನಮ್ಮ ಅಂಗಳದ ನಲ್ಲಿಗೂ ಬಾಗಿಲ ಮುಂದಿನ ಬೀದಿ ನಲ್ಲಿಗೂ ಒಂದೇ ಕಬ್ಬಿಣದ ಪೈಪು. ಅವರಿಬ್ಬರೂ ಮರೆತದ್ದು ಒಂದೇ: ಹಿಂದಿನ ಮಳೆಗಾಲದಲ್ಲಿ ದೊಡ್ಡ ಪೈಪು ಒಡೆದಾಗ ಪಂಚಾಯ್ತಿಯವರು ನಮ್ಮ ಬೀದಿಯುದ್ದಕ್ಕೂ ಪ್ಲಾಸ್ಟಿಕ್ ಪೈಪು ಹಾಕಿಹೋಗಿದ್ದರು. ಆಳದ ಹಸಿಮಣ್ಣಿಗೂ ನಮ್ಮ ನಲ್ಲಿಗೂ ಈಗ ಸಂಬಂಧವೇ ಇರಲಿಲ್ಲ. ಉಳಿದಿದ್ದದ್ದು ಬೇಸಿಗೆಯ ಬೂದಿಯಂಥ ಒಣ ಮಣ್ಣಿನಲ್ಲಿ ನಿಂತಿದ್ದ ಒಂದು ತುಂಡು ಕಬ್ಬಿಣ. ಇದೆಲ್ಲ ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಕೇಳುವಾಗ. ಅವತ್ತು ಕ್ಲಾಸಿನಿಂದ ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡಿದ್ದೆ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಫ್ರಿಜ್ಜಿನ ಒಳಗೆಲ್ಲೋ ಕರೆಂಟು ಸೋರತೊಡಗಿತು. ನೀರು ಹಿಡಿಯುವ ಹೆಂಗಸರು ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಹೇಳಲು ಶುರುಮಾಡಿದರು. ಒಬ್ಬಳು ಬೆರಳು ಚುಚ್ಚಿದಂತಾಯಿತೆಂದಳು. ಇನ್ನೊಬ್ಬಳಿಗೆ ಮೊಣಕೈವರೆಗೂ ಸೆಳೆಯಿತು. ನಲ್ಲಿಯ ಕೆಳಗಿನ ನೀರು ನೆಕ್ಕಲು ಬಂದ ನಾಯಿ ಕುಂಯ್ಯೆಂದು ಓಡಿಹೋದದ್ದನ್ನು ನೋಡಿ ನಾವು ಮಕ್ಕಳು ನಕ್ಕು ನಕ್ಕು ಉರುಳಿದೆವು. ತಿಪ್ಪಕ್ಕ ಮಾತ್ರ ನೇರವಾಗಿ ನಮ್ಮ ಬಾಗಿಲಿಗೆ ಬಂದು ಹೇಳಿದಳು: ನಿಮ್ಮ ಪೆಟ್ಟಿಗೆ ಬಂದ ಮೇಲೆಯೇ ಇದೆಲ್ಲ, ಯಾರಿಗಾದರೂ ತೋರಿಸಿ.

ದೊಡ್ಡಪ್ಪ ರುದ್ರೇಶನನ್ನು ಕರೆಸಿದರು. ಅವನು ಟೆಸ್ಟರು ತೆಗೆದು ನಲ್ಲಿಗೆ ತಾಗಿಸಿದ. ಹಗಲ ಬೆಳಕಿನಲ್ಲೂ ಅದರ ಹೊಟ್ಟೆಯಲ್ಲಿ ಕೆಂಪು ಕಿಡಿ ಕಂಡಿತು. ರುದ್ರೇಶನ ಮುಖ ಸಣ್ಣಗಾಯಿತು. ಫ್ರಿಜ್ಜಿನ ಪ್ಲಗ್ಗು ಕಿತ್ತಿಡಿ, ಗುಂಡಿ ತೋಡುವತನಕ ಹಾಕಬೇಡಿ ಎಂದ. ಕಟ್ಟೆಯ ಮೇಲೆ ಬೀಜ ತೆಗೆಯುತ್ತಾ ಕೂತಿದ್ದ ನನಗೂ ಅವ್ವನಿಗೂ ಮುಂದಿನ ಮಾತು ಚೆನ್ನಾಗಿ ಕೇಳಿಸಿತು.

"ನಾಡಿದ್ದು ಬೀಗ್ರು ಬರ್ತಾರೆ," ಎಂದರು ದೊಡ್ಡಪ್ಪ. "ತಣ್ಣೀರಿಲ್ಲ, ಐಸಿಲ್ಲ, ಒಣಗಿದ ಪೆಟ್ಟಿಗೆ ತೋರ್ಸಾಣಾ? ಅವ್ರು ಹೋದ ಮ್ಯಾಲೆ ಗುಂಡಿ ತೋಡ್ಸಾಣ ಬಿಡು."

"ಜನ ಮುಟ್ತಾರೆ ಗೌಡ್ರೆ."

"ಪ್ಲಾಸ್ಟಿಕ್ ಕೊಡದಾಗೆ ಹಿಡೀರಿ ಅಂತ ಹೇಳಿದ್ರಾತು."

ಅವ್ವ ಒಳಗೆ ಹೋಗಿ ದೊಡ್ಡಮ್ಮನ ಹತ್ತಿರ ಏನೋ ಹೇಳಿದಳು. ಗಂಡಸರ ವ್ಯವಹಾರದಲ್ಲಿ ನಿನಗೇನು ಎಂಬ ಉತ್ತರ ಬಂತು. ಸಂಜೆ ದೊಡ್ಡಪ್ಪ ತಾವೇ ಒಂದು ಹಳೆ ಸೈಕಲ್ ಟ್ಯೂಬು ಕತ್ತರಿಸಿ ನಲ್ಲಿಯ ತಿರುಪಿಗೆ ಸುತ್ತಿದರು. ಬೀದಿಯ ಹೆಂಗಸರಿಗೆ, ಲೋಹದ ಪಾತ್ರೆ ತರಬೇಡಿರಿ ಎಂದೂ ಹೇಳಿದರು. ಅವರಿಗೆ ಗೊತ್ತಿತ್ತು. ಈ ಕಥೆಯಲ್ಲಿ ನಾನು ಮತ್ತೆ ಮತ್ತೆ ಬಂದು ಎಡವುವುದು ಇದೇ ಜಾಗದಲ್ಲಿ: ಅವರಿಗೆ ಗೊತ್ತಿತ್ತು.

ಬೀಗರು ಬರುವ ದಿನ ಮನೆಯಲ್ಲಿ ಹೋಳಿಗೆಯ ಹೂರಣದ ವಾಸನೆ, ಊದಿನಕಡ್ಡಿಯ ಹೊಗೆ. ಬಾಗಿಲಿಗೆ ರಂಗೋಲಿ, ಮಾವಿನ ತೋರಣ. ದೊಡ್ಡಮ್ಮ ಅಟ್ಟದ ಮೇಲಿಂದ ತನ್ನ ತವರಿನ ಹಿತ್ತಾಳೆ ಕೊಡಗಳನ್ನು ಇಳಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಬಂಗಾರದ ಹಾಗೆ ಹೊಳೆಸಿ ಬಾಗಿಲ ಪಕ್ಕ ಸಾಲಾಗಿ ಜೋಡಿಸಿದ್ದಳು. ದಿನಾ ನೀರು ತುಂಬುತ್ತಿದ್ದ ಹಸಿರು ನೀಲಿ ಪ್ಲಾಸ್ಟಿಕ್ ಕೊಡಗಳು ಹಿತ್ತಲಲ್ಲಿ ಬಚ್ಚಿಟ್ಟುಕೊಂಡವು. ನೆಂಟರ ಕಣ್ಣಿಗೆ ಅವು ಬೀಳಬಾರದು.

ಬೀಗರ ಕಾರು ಬಂತು. ಹುಡುಗಿಯ ಅಪ್ಪ, ಸೋದರಮಾವ, ಇಬ್ಬರು ಹೆಂಗಸರು. ಬರ್ರಿ, ಕುಂತ್ಕಳ್ರಿ ಎಂಬ ಉಪಚಾರ ನಡೆಯುತ್ತಿದ್ದಾಗಲೇ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ನಮ್ಮೂರಲ್ಲಿ ನೀರು ಬರುವುದಕ್ಕೆ ಹೊತ್ತುಗೊತ್ತಿಲ್ಲ, ಬಂದಾಗ ಹಿಡಿಯಬೇಕು. ತಿಪ್ಪಕ್ಕ ಅವತ್ತು ಪಾತ್ರೆ ತೊಳೆಯಲು ಬಂದಿದ್ದಳು. ದೊಡ್ಡಮ್ಮ ಬಾಗಿಲಿಗೆ ಬಂದು, ಹಿತ್ತಾಳೆ ಕೊಡ ತೋರಿಸಿ, ಇವನ್ನೇ ತುಂಬಿಡು, ಬರಿಗೊಡ ಬಾಗಿಲಲ್ಲಿ ಇರಬಾರದು ಎಂದು ಪಿಸುಗುಟ್ಟಿದಳು. ತಿಪ್ಪಕ್ಕ ಒಂದು ಕ್ಷಣ ನಿಂತಳು. "ಅಮ್ಮಾರೆ, ಪ್ಲಾಸ್ಟಿಕ್ಕಿಂದು…" ಎಂದಳು. ದೊಡ್ಡಮ್ಮ ಆಗಲೇ ನಗುಮುಖ ಹೊತ್ತು ಒಳಗೆ ತಿರುಗಿದ್ದಳು.

ನಾನು ಕಟ್ಟೆಯ ಮೇಲೆ ಕೂತಿದ್ದೆ. ಹೊಸ ಲಂಗ ಹಾಕಿಸಿ, ಕೊಳೆ ಮಾಡಿಕೊಳ್ಳಬೇಡ ಎಂದು ಕೂರಿಸಿದ್ದರು. ನನ್ನ ಒಂದು ಮಗ್ಗುಲಿಗೆ ನಲ್ಲಿ, ಇನ್ನೊಂದು ಮಗ್ಗುಲಿಗೆ ತೆರೆದ ಬಾಗಿಲು, ಅದರಾಚೆ ನಡುಮನೆ. ತಿಪ್ಪಕ್ಕ ಕಾಲಿನಲ್ಲಿ ಚಪ್ಪಲಿ ಇಲ್ಲದೆ ಕೆಸರಲ್ಲಿ ನಿಂತು, ಟ್ಯೂಬು ಸುತ್ತಿದ ತಿರುಪನ್ನು ಎಡಗೈಯಿಂದ ಹುಷಾರಾಗಿ ತಿರುಗಿಸಿದಳು. ನೀರು ಬಿತ್ತು. ಬಲಗೈಯಲ್ಲಿ ಕೊಡದ ಕಂಠ ಹಿಡಿದು ಕೆಳಗೆ ಹಿಡಿದಳು. ನನ್ನ ಕಡೆ ನೋಡಿ, "ಏನ್ ಟೀಚರಮ್ಮ, ಮದುವೆ ನಿಮ್ಮಣ್ಣಂದೋ ನಿಂದೋ," ಎಂದು ಕಣ್ಣು ಮಿಟುಕಿಸಿದಳು. ಕೊಡ ತುಂಬುತ್ತಾ ಭಾರವಾಗಿ ಕೈ ವಾಲಿತು. ಕೊಡದ ಬಾಯಿ ನಲ್ಲಿಯ ಮೂತಿಗೆ ತಾಗಿತು.

ಅವಳು ಕೂಗಲಿಲ್ಲ. ಜನ ಕೂಗುತ್ತಾರೆ ಎಂದುಕೊಂಡಿರುತ್ತೇವೆ, ಅದು ತಪ್ಪು. ಬಗ್ಗಿದವಳು ಹಾಗೇ ಇದ್ದಳು. ಕೊಡದೊಳಗೆ ಏನನ್ನೋ ನೋಡುತ್ತಿದ್ದಾಳೆ ಎಂದುಕೊಂಡೆ. ಕೊಡ ತುಂಬಿ ನೀರು ಚೆಲ್ಲುತ್ತಿತ್ತು. ಅವಳ ಗಾಜಿನ ಬಳೆಗಳು ಹಿತ್ತಾಳೆಗೆ ಬಡಿದು ಒಂದೇ ಸಮನೆ ಕಿಣಿಕಿಣಿ ಅನ್ನುತ್ತಿದ್ದವು. ಆ ಸದ್ದಿಗೇ ನನಗೆ ಭಯವಾದದ್ದು. ಮುಖ ನೋಡಿದೆ. ಹಲ್ಲು ಕಚ್ಚಿತ್ತು, ಕಣ್ಣು ನನ್ನ ಮೇಲೇ ಇತ್ತು, ಆದರೆ ಅದರಲ್ಲಿ ತಿಪ್ಪಕ್ಕ ಇರಲಿಲ್ಲ. "ಅವ್ವಾ," ಎಂದೆ. ಎಷ್ಟು ಸಣ್ಣಗೆ ಎಂದೆನೋ!

ಅವ್ವ ಹೋಳಿಗೆಯ ತಟ್ಟೆ ಹಿಡಿದು ನಡುಮನೆಗೆ ಬರುತ್ತಿದ್ದಳು. ಬಾಗಿಲಿನಿಂದ ನಲ್ಲಿಯ ಕಡೆ ಅವಳ ಕಣ್ಣು ಬಿತ್ತು. ತಟ್ಟೆ ಕೆಳಗಿಟ್ಟಳೋ ಬಿಟ್ಟಳೋ ಗೊತ್ತಿಲ್ಲ. ಬೀಗರ ನಡುವೆಯೇ ನುಗ್ಗಿ ಫ್ರಿಜ್ಜಿನ ಕಡೆ ಹೋದಳು. ಆ ಹೊತ್ತಿಗೆ ಸರಿಯಾಗಿ ದೊಡ್ಡಮ್ಮ ಫ್ರಿಜ್ಜಿನ ಬಾಗಿಲು ತೆರೆದು, ಒಳಗಿನ ದೀಪ ಕಾಣುವ ಹಾಗೆ ಓರೆಯಾಗಿ ನಿಂತು, ಹೆಂಗಸರಿಗೆ ಐಸಿನ ತಟ್ಟೆ ತೋರಿಸುತ್ತಿದ್ದಳು. ಅದರ ಪಕ್ಕದಲ್ಲಿದ್ದ ದೊಡ್ಡಪ್ಪ ಕೈ ಅಡ್ಡ ಹಿಡಿದರು. ತಲೆಯ ಮೇಲಿನ ಸೆರಗು ಜಾರಿಸಿಕೊಂಡು ತಮ್ಮನ ಹೆಂಡತಿ ಬೀಗರೆದುರಿಗೆ ಹಾಗೆ ನುಗ್ಗುವುದು ಅವರಿಗೆ ಸಹಿಸಲಾಗದ ಸಂಗತಿ.

"ತಿಪ್ಪಕ್ಕ," ಎಂದಳು ಅವ್ವ. "ನಲ್ಲಿ."

ಅಷ್ಟು ಸಾಕಿತ್ತು. ದೊಡ್ಡಪ್ಪನ ಕಣ್ಣು ಬಾಗಿಲಾಚೆ ಹೋಗಿ ಬಂತು. ಅವರು ನೋಡಿದರು. ನೋಡಿಯೂ ಅವರ ಕೈ ಕೆಳಗಿಳಿಯಲಿಲ್ಲ. ಒಂದು ಉಸಿರಿನಷ್ಟು ಹೊತ್ತೋ ಏನೋ, ಅವರ ಮುಖದ ನಗು ಹಾಗೇ ಇತ್ತು, ಕೈಯೂ ಹಾಗೇ ಇತ್ತು. ಹೆದರಿ ಮರಗಟ್ಟಿದ್ದರು ಎಂದು ಆಮೇಲೆ ಹೇಳಿದವರಿದ್ದಾರೆ. ಇರಬಹುದು. ಆ ಕೈಯನ್ನು ನಾನು ಈಗಲೂ ನೋಡುತ್ತೇನೆ. ಬಸ್ಸಿನಲ್ಲಿ ಕೂತಾಗ, ಪಾಠ ಮಾಡುವಾಗ, ಪಾತ್ರೆ ತೊಳೆಯುವಾಗ. ಪ್ರತಿ ಸಲವೂ ಅದು ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಕಾಯುತ್ತೇನೆ.

ಅವ್ವ ಆ ಕೈಯನ್ನು ಹೊಡೆದು ಸರಿಸಿದಳು. ಶೋಕೇಸಿನ ಸಂದಿಗೆ ತೋಳು ತೂರಿಸಿ ವಯರನ್ನೇ ಹಿಡಿದು ಎಳೆದಳು. ಗಾಜಿನ ಲೋಟಗಳು ಉರುಳಿದವು. ಫ್ರಿಜ್ಜಿನ ದೀಪ ಆರಿತು. ಹೊರಗೆ ಕೊಡ ಉರುಳಿದ ಸದ್ದು, ಅದರ ಹಿಂದೆಯೇ ತಿಪ್ಪಕ್ಕ ಬಿದ್ದ ಸದ್ದು.

ಬೀಗರು ಎದ್ದು ನಿಂತಿದ್ದರು. ಏನಾಯಿತೆಂದು ಹುಡುಗಿಯ ಅಪ್ಪ ಕೇಳಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು.

"ಏನಿಲ್ಲ, ಕುಂತ್ಕಳ್ರಿ. ಕರೆಂಟು ಹೋತು."

ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಬೀಗರಲ್ಲಿ ಹಿರಿಯ ಹೆಂಗಸು ಫ್ಯಾನನ್ನು ನೋಡಿದಳು, ದೊಡ್ಡಪ್ಪನನ್ನು ನೋಡಿದಳು, ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕೂತುಕೊಂಡು ಶರಬತ್ತಿನ ಲೋಟ ತೆಗೆದುಕೊಂಡಳು. ಲೋಟದಲ್ಲಿ ಐಸು ಅಲುಗಾಡಿದ್ದು ನನಗೆ ಕಂಡಿತು. ಒಬ್ಬರ ನಂತರ ಒಬ್ಬರು ಎಲ್ಲರೂ ಕೂತರು.

ಹೊರಗೆ ಅವ್ವ ಒಬ್ಬಳೇ ತಿಪ್ಪಕ್ಕನನ್ನು ಒಣ ನೆಲಕ್ಕೆ ಎಳೆದು, ಅಂಗಾಲು ತಿಕ್ಕುತ್ತಾ, ಎದೆ ಒತ್ತುತ್ತಾ, ತಿಪ್ಪಿ, ತಿಪ್ಪಿ ಎಂದು ಕರೆಯುತ್ತಿದ್ದಳು. ಕೆಸರಿನ ವಾಸನೆ, ಅದರ ಮೇಲೆ ಸುಟ್ಟ ಚರ್ಮದ ವಾಸನೆ. ಒಳಗಿನ ಹೂರಣದ ವಾಸನೆ ಅದರ ಜೊತೆ ಬೆರೆತು ಬರುತ್ತಿತ್ತು. ಅಂದಿನಿಂದ ಹೋಳಿಗೆ ನನ್ನ ಗಂಟಲಲ್ಲಿ ಇಳಿದಿಲ್ಲ. ಅಷ್ಟು ಹೊತ್ತಿಗೆ ದೊಡ್ಡಮ್ಮ ಹೊರಗೆ ಬಂದಳು. ನೋಡಿದಳು, ಬಾಯಿಗೆ ಸೆರಗು ಹಿಡಿದಳು. ಅಳುತ್ತಾಳೆ ಎಂದುಕೊಂಡೆ.

"ಬೀಗ್ರು ಎದ್ದು ಬಂದಾರು. ಹಿತ್ಲ ಕಡೆ ಎತ್ಕಂಡೋಗ್ರಿ," ಎಂದಳು. ಹೇಳಿ, ಕೆಸರಲ್ಲಿ ಬಿದ್ದಿದ್ದ ಹಿತ್ತಾಳೆ ಕೊಡವನ್ನು ಎತ್ತಿ, ಸೆರಗಿನಿಂದ ಒರೆಸಿ, ಬಾಗಿಲ ಪಕ್ಕದ ಸಾಲಿನಲ್ಲಿ ಅದರ ಜಾಗಕ್ಕೆ ಇಟ್ಟಳು.

ತಿಪ್ಪಕ್ಕ ಉಸಿರೆಳೆದಳು. ಕೆಮ್ಮಿದಳು. ಅವಳನ್ನು ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಬೀಗರ ಕಾರಲ್ಲ, ನಮ್ಮ ಮನೆಯ ಬೈಕೂ ಅಲ್ಲ. ಅವ್ವ ಮತ್ತು ಓಣಿಯ ಹೆಂಗಸರು ಸೇರಿ, ಸಿಮೆಂಟು ಇಳಿಸಿ ವಾಪಸು ಹೊರಟಿದ್ದ ಒಂದು ಟ್ರ್ಯಾಕ್ಟರನ್ನು ನಿಲ್ಲಿಸಿ, ಅದರ ಟ್ರೇಲರಿನಲ್ಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡು ಹೋದರು. ಕುಮಾರಣ್ಣ ಬಾಗಿಲಿನವರೆಗೆ ಬಂದು ನಿಂತ. ಅವತ್ತಿನ ಮಟ್ಟಿಗೆ ಅವನೂ ತೋರಿಸಬೇಕಾದ ಸಾಮಾನೇ ಆಗಿದ್ದ, ಜಾಗ ಬಿಟ್ಟು ಕದಲುವಂತಿರಲಿಲ್ಲ.

ಜೀವ ಉಳಿಯಿತು. ಬಲಗೈಯ ಬೆರಳುಗಳು ಉಳಿಯಲಿಲ್ಲ. ಇದ್ದವು, ಆದರೆ ಸುಟ್ಟ ಚರ್ಮ ಒಣಗುತ್ತಾ ಒಳಗೆ ಮಡಚಿಕೊಂಡು ಅಂಗೈಗೆ ಅಂಟಿಕೊಂಡವು. ಆಪರೇಷನ್ ಮಾಡಿದರೆ ಬಿಡಿಸಬಹುದು, ಅದಕ್ಕೆ ದಾವಣಗೆರೆಗೋ ಬೆಂಗಳೂರಿಗೋ ಹೋಗಬೇಕೆಂದು ಡಾಕ್ಟರು ಹೇಳಿದರು. ಅಪ್ಪ ಹೊಳಲ್ಕೆರೆಯಿಂದ ಬಂದು ದೊಡ್ಡಪ್ಪನ ಹತ್ತಿರ ಆ ಮಾತೆತ್ತಿದರು. ನಲ್ಲಿ ಪಂಚಾಯ್ತಿಯದು, ಪೈಪು ಬದಲಾಯಿಸಿದವರು ಅವರು, ನಮಗೇಕೆ ಬರುತ್ತದೆ ಎಂದರು ದೊಡ್ಡಪ್ಪ. ಅಲ್ಲದೆ ಮದುವೆಯ ಖರ್ಚು ತಲೆಯ ಮೇಲಿತ್ತು. ಬೀಗರು ಒಪ್ಪಿದ್ದರು. ಮನೆಯಲ್ಲಿ ಫ್ರಿಜ್ಜು ಇರುವುದರಿಂದ ಅದರ ಬದಲು ಬೇರೇನು ಕೊಡಬೇಕೆಂಬ ಮಾತುಕತೆ ನಡೆದಿತ್ತು.

ಆ ತಾಮ್ರದ ತಗಡಿನ ಗುಂಡಿ? ಅದನ್ನು ತೋಡಲೇ ಇಲ್ಲ. ರುದ್ರೇಶ ಬಂದು ನಲ್ಲಿಗೆ ಕಟ್ಟಿದ್ದ ತಂತಿ ಬಿಚ್ಚಿಹಾಕಿದ. ಫ್ರಿಜ್ಜು ಮತ್ತೆ ಗುಂಯ್ಗುಡತೊಡಗಿತು. ಅದರ ಬಾಗಿಲು ತೆರೆಯುವಾಗ ದೊಡ್ಡಮ್ಮ ರಬ್ಬರ್ ಚಪ್ಪಲಿ ಮೆಟ್ಟುವುದನ್ನು ಕಲಿತಳು. ಆ ಬೇಸಿಗೆಯ ಉಳಿದ ದಿನಗಳಲ್ಲಿ ಅವಳು ಐಸು ಕೊಡಲು ಕರೆದರೆ ನಾನು ಹೋಗುತ್ತಿರಲಿಲ್ಲ. ಬೇರೆ ಮಕ್ಕಳು ಹೋಗುತ್ತಿದ್ದರು. ಕಟ್ಟೆಯ ಮೇಲೆ ಹುಣಸೆಹಣ್ಣಿನ ರಾಶಿ ಕರಗುತ್ತಾ ಬಂತು. ತಿಪ್ಪಕ್ಕನ ಮಕ್ಕಳು ಶಾಲೆ ಬಿಟ್ಟು ಅವಳ ಮೊರದ ಮುಂದೆ ಕೂತರು.

ಮದುವೆ ಚಿತ್ರದುರ್ಗದಲ್ಲಿ ನಡೆಯಿತು, ದೊಡ್ಡ ಛತ್ರದಲ್ಲಿ. ಊರಿಂದ ಬಸ್ಸು ಮಾಡಿಸಿದ್ದರು. ತಿಪ್ಪಕ್ಕನೂ ಬಂದಿದ್ದಳು. ಬರಬೇಡ ಎನ್ನಲಾಗದೆ ದೊಡ್ಡಮ್ಮ ಅವಳಿಗೊಂದು ಸೀರೆ ಕೊಟ್ಟಿದ್ದಳು. ಮಡಚಿದ ಬಲಗೈಯನ್ನು ಆ ಹೊಸ ಸೀರೆಯ ಸೆರಗಲ್ಲಿ ಮುಚ್ಚಿಕೊಂಡು ಊಟದ ಸಾಲಿನಲ್ಲಿ ಕೂತಳು, ನನ್ನಿಂದ ನಾಲ್ಕೈದು ಎಲೆ ಆಚೆ. ಕೋಸಂಬರಿ, ಪಲ್ಯ, ಅನ್ನ ಬಡಿಸಿದರು. ಎಲ್ಲರೂ ಕೈ ಹಾಕಿದರು. ತಿಪ್ಪಕ್ಕ ಎಡಗೈಯಿಂದ ಉಣ್ಣತೊಡಗಿದಳು. ಬೇರೆ ಕೈ ಎಲ್ಲಿತ್ತು? ಸಾರು ಸೋರಿ ಮುಂಗೈಗೆ ಇಳಿಯುತ್ತಿತ್ತು. ಎದುರು ಸಾಲಿನ ಯಾರೋ ಮಗು ಅದನ್ನು ಬೆರಳು ಮಾಡಿ ತೋರಿಸಿತು.

ದೊಡ್ಡಮ್ಮ ಬೀಗಿತ್ತಿಯರನ್ನು ಕರೆದುಕೊಂಡು ಉಪಚಾರ ಹೇಳುತ್ತಾ ಸಾಲಿನ ತುದಿಯಿಂದ ಬರುತ್ತಿದ್ದಳು. ಕಂಡಳು. ಬಗ್ಗಿ ತಿಪ್ಪಕ್ಕನ ಕಿವಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು.

"ಎಡಗೈಯಾಗೆ ಉಣ್ಣಾದು ನೋಡಾಕೆ ಚೆಂದಾಗಿರಲ್ಲ ಕಣೇ. ಬೀಗ್ರು ಏನಂತಾರೆ? ಒಳಗೆ ಅಡುಗೆಯೋರ ತಾವ ಕುಂತ್ಕಂಡು ಉಣ್ಣು ಹೋಗು."

ಅಷ್ಟು ಬಾಯಿದ್ದ ತಿಪ್ಪಕ್ಕ ಹೂಂ ಎಂದಳು. ಬಡಿಸಿದ ಎಲೆಯನ್ನು ಒಂದೇ ಕೈಯಲ್ಲಿ ಎತ್ತಲು ಹೋದಳು. ಎಲೆ ನಡುವೆ ಸೀಳಿ ಅನ್ನ ನೆಲಕ್ಕೆ ಬಿತ್ತು. ಅದನ್ನು ಬಳಿಯಲು ಬಗ್ಗಿದಳು.

ನನ್ನ ಪಕ್ಕದಲ್ಲಿದ್ದ ಅವ್ವ ಆಗ ಎದ್ದಳು. ನಡು ಊಟದಲ್ಲಿ ಪಂಕ್ತಿ ಬಿಟ್ಟು ಏಳುವುದೆಂದರೆ ಏನೆಂದು ನಿಮಗೆ ಗೊತ್ತು. ಬೀಗರ ಸಾಲು, ನಮ್ಮ ಸಾಲು, ಬಡಿಸುವವರು, ಎಲ್ಲರ ಕೈ ನಿಂತಿತು. ಅವಳು ತನ್ನ ಎಲೆ ಮಡಚಿದಳು. ತಿ‌ಪ್ಪಕ್ಕನ ಎಡಗೈ ಹಿಡಿದು ಎಬ್ಬಿಸಿ, ನನ್ನನ್ನೂ ಏಳೆಂದು ಕಣ್ಣಲ್ಲೇ ಹೇಳಿ, ಛತ್ರದ ನಡುವಿನಿಂದ ನಡೆದು ಹೊರಗೆ ಬಂದಳು. ಅಪ್ಪ ಗಂಡಸರ ಸಾಲಿನಿಂದ ಎದ್ದು ಬಂದರು. ಬಸ್‌ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ನಾಲ್ವರೂ ಇಡ್ಲಿ ತಿಂದೆವು. ಅವ್ವ ತುಂಡು ಮಾಡಿ ಕೊಡುತ್ತಿದ್ದಳು, ತಿಪ್ಪಕ್ಕ ತಲೆ ತಗ್ಗಿಸಿ ತಿನ್ನುತ್ತಿದ್ದಳು. ಆ ವರ್ಷವೇ ನಮ್ಮ ಮನೆ ಪಾಲಾಯಿತು.

ಈಗ ನಾನು ಚಿತ್ರದುರ್ಗದಲ್ಲಿ ಕಾಲೇಜು ಮೇಡಂ. ಅವ್ವ ಇಲ್ಲ, ತಿಪ್ಪಕ್ಕನೂ ಹೋಗಿ ವರ್ಷಗಳಾದವು. ದೊಡ್ಡಪ್ಪನ ಮನೆಯಂಥ ನಡುಮನೆ ಈಗ ಊರಿಗೊಂದಲ್ಲ, ಬೀದಿಗೆ ಹತ್ತಿವೆ. ಕಂತಿನ ಟಿವಿ ಗೋಡೆಯಷ್ಟಗಲ, ಅದರ ಹಿಂದಿನ ಗೋಡೆಯಲ್ಲಿ ವಯರು ಬೆತ್ತಲೆ. ನಮ್ಮದೇ ಮನೆ ಕಟ್ಟಿಸುವಾಗ ಪಿಒಪಿ ಸೀಲಿಂಗಿಗೆ ಒಪ್ಪಿದ ನನ್ನ ಗಂಡ ಅರ್ಥಿಂಗಿನ ಲೆಕ್ಕ ಬಂದಾಗ, ಇಷ್ಟೆಲ್ಲ ಬೇಕಾ ಎಂದರು. ಓದಿದವರು, ಒಳ್ಳೆಯವರು. ಆ ಮಾತಿಗೆ ನನಗೆ ಅವರ ಮೇಲೆ ಬಂದ ಅಸಹ್ಯ ಪೂರ್ತಿ ಹೋಗಿದೆ ಎಂದು ಹೇಳಲಾರೆ.

ಹೋದ ತಿಂಗಳು ಕುಮಾರಣ್ಣನ ಮಗನ ಮದುವೆಗೆ ಹೋಗಿದ್ದೆ. ಹೂವಿನ ಕಮಾನು, ಹೊಗೆ ಬಿಡುವ ಯಂತ್ರ, ಆಕಾಶದಲ್ಲಿ ಕ್ಯಾಮೆರಾ. ಊಟಕ್ಕೆ ಪಂಕ್ತಿಯಿಲ್ಲ. ತಟ್ಟೆ ಹಿಡಿದ ಜನ ಒಬ್ಬರನ್ನೊಬ್ಬರು ನೂಕುತ್ತಾ ಮೇಜಿನಿಂದ ಮೇಜಿಗೆ ಸರಿಯುತ್ತಿದ್ದರು. ಕೈತೊಳೆಯುವ ಜಾಗದಲ್ಲಿ ತಟ್ಟೆ ಎತ್ತುವ ಹೆಂಗಸೊಬ್ಬಳನ್ನು, ವಿಡಿಯೋದಲ್ಲಿ ಬರುತ್ತೀಯ, ಆಚೆ ನಿಂತುಕೋ ಎಂದು ಯಾರೋ ಗದರಿದರು. ನನ್ನ ಮೈ ಉರಿಯಿತು. ತಟ್ಟೆಯನ್ನು ಅಲ್ಲೇ ಇಟ್ಟು ಹೊರಟೆ. ಒಬ್ಬರೂ ತಿರುಗಿ ನೋಡಲಿಲ್ಲ. ಎದ್ದು ಹೋದಳು ಅನ್ನಿಸಿಕೊಳ್ಳಬೇಕಾದರೆ ಎಲ್ಲರ ಜೊತೆ ಕೂತಾದರೂ ಇರಬೇಕಿತ್ತು. ನಿಂತವರ ನಡುವಿನಿಂದ ಹೊರಬಿದ್ದ ನಾನು, ಅವರ ಕಣ್ಣಿಗೆ, ಊಟ ಮುಗಿಸಿ ಹೋದ ಇನ್ನೊಬ್ಬಳು ಅಷ್ಟೆ.